ಹೊಟ್ಟೆ ಬೊಜ್ಜಿನ ವ್ಯಾಪಾರ, ನಾಲ್ಕು ಮೊಟ್ಟೆಯ ಲೆಕ್ಕ

ಕರಾವಳಿಯ ಯಾವ ಪೇಟೆಗೆ ಬೇಕಾದರೂ ಹೋಗಿ ನೋಡಿ. ಕೆಳಗಿನ ಅಂತಸ್ತಿನಲ್ಲಿ ಬಿರಿಯಾನಿ ಹೋಟೆಲು, ಮೇಲಿನ ಅಂತಸ್ತಿನಲ್ಲಿ ಜಿಮ್. ಕೆಳಗಿನವರು ಹೊಟ್ಟೆ ಬೆಳೆಸುತ್ತಾರೆ, ಮೇಲಿನವರು ಅದನ್ನು ಕರಗಿಸಿ ಕೊಡುವುದಾಗಿ ಹೇಳುತ್ತಾರೆ. ಇಬ್ಬರ ವ್ಯಾಪಾರವೂ ಚೆನ್ನಾಗಿಯೇ ನಡೆಯುತ್ತಿದೆ, ಯಾರಿಗೂ ಯಾರ ಮೇಲೂ ದೂರಿಲ್ಲ. ಜಿಮ್ಮಿನ ಬೋರ್ಡಿನಲ್ಲಿ ಅಂಗಿ ತೊಡದ ಯಾವುದೋ ದೇಶದ ಯುವಕ, ಅವನ ಹೊಟ್ಟೆಯ ಮೇಲೆ ಆರು ಗಂಟುಗಳು. ಆ ಬೋರ್ಡಿನ ನೆರಳಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತವರನ್ನೂ ಒಮ್ಮೆ ನೋಡಿ. ನಿವೃತ್ತಿಯ ಅಂಚಿಗೆ ಬಂದ ಮೇಷ್ಟ್ರು, ಇಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದು ಸಕ್ಕರೆ ಕಾಯಿಲೆಯ ಮಾತ್ರೆಗಳೊಂದಿಗೆ ಮರಳಿದವರು, ಕೈಚೀಲ ಹಿಡಿದ ಗೃಹಿಣಿ, ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರನ ಕೈ ಹಿಡಿಯಬೇಕಾದ ಅಜ್ಜಿ. ಮಾಂಸಖಂಡದ ಅಗತ್ಯ ನಿಜಕ್ಕೂ ಇರುವುದು ಇವರಿಗೆ. ಆದರೆ ಅದರ ಮಾರಾಟ ನಡೆಯುತ್ತಿರುವುದು ಇಪ್ಪತ್ತರ ಹುಡುಗರಿಗೆ, ಅದೂ ಕನ್ನಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕೆ.

ನನ್ನ ತಕರಾರು ಇರುವುದು ಇಲ್ಲಿಯೇ. ಹೊಟ್ಟೆ ಬೊಜ್ಜನ್ನು ಇಳಿಸಿ ಮಾಂಸಖಂಡವನ್ನು ಬೆಳೆಸುವ ಕೆಲಸ ಅಷ್ಟೇನೂ ಗೂಢವಾದದ್ದಲ್ಲ, ದುಬಾರಿಯೂ ಅಲ್ಲ. ಅದನ್ನು ಗೂಢವೂ ದುಬಾರಿಯೂ ಆಗಿಸಿರುವುದು ಮಾರುಕಟ್ಟೆ. ಅದು ಬೇಕಾದವರ ಕೈಗೆ ಸಿಗದಂತೆ ಮಾಡಿರುವುದರಲ್ಲಿ ಮಾರುಕಟ್ಟೆಯ ಜೊತೆಗೆ ನಮ್ಮ ಊಟದ ಪದ್ಧತಿಗೂ, ನಮ್ಮ ರಾಜಕೀಯಕ್ಕೂ, ನಮ್ಮ ಮನೆಗಳ ಗಂಡಸರಿಗೂ ಪಾಲಿದೆ.

ಮೊದಲು ನಮ್ಮ ಮೈಯ ವಿಚಾರ. 2004ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಒಂದು ಫೋಟೊ ಅಚ್ಚಾಯಿತು. ಒಬ್ಬರು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಜಾನ್ ಯುಡ್ಕಿನ್. ಇಬ್ಬರೂ ಮೇಲ್ನೋಟಕ್ಕೆ ತೆಳ್ಳಗಿನವರೇ. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿಎಂಐ ಅಂಕಿ ಇಬ್ಬರದೂ ಒಂದೇ, 22.3. ಆದರೆ ಮೈಯೊಳಗಿನ ಕೊಬ್ಬನ್ನು ಅಳೆದಾಗ ಇಂಗ್ಲಿಷ್ ವೈದ್ಯರದು ಶೇಕಡಾ 9.1, ನಮ್ಮವರದು ಶೇಕಡಾ 21.2. ಒಂದೇ ತೂಕ, ಎರಡು ಪಟ್ಟಿಗಿಂತಲೂ ಹೆಚ್ಚು ಕೊಬ್ಬು. ಭಾರತೀಯ ಶರೀರದ ಕಥೆಯನ್ನು ಇದಕ್ಕಿಂತ ಸರಳವಾಗಿ ಯಾರೂ ಹೇಳಿಲ್ಲ. ಕೈಕಾಲು ಸಣಕಲು, ನಡುವಿನಲ್ಲಿ ಮಾತ್ರ ಒಂದು ಗಡಿಗೆ. ನಾವು ಅದನ್ನು 'ಸ್ವಲ್ಪ ಹೊಟ್ಟೆ ಬಂದಿದೆ' ಎಂದು ನಗೆಯಾಡಿ ಮುಗಿಸುತ್ತೇವೆ. ಇನ್ನು ಕೆಲವೆಡೆ ಅದು ಮರ್ಯಾದೆಯ ಗುರುತು. ಅಳಿಯನಿಗೆ ಹೊಟ್ಟೆ ಬಾರದಿದ್ದರೆ ಅತ್ತೆ ಮನೆಯವರಿಗೆ ಅವಮಾನ!

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು ಸುಮಾರು 13.6 ಕೋಟಿ. ಹೊಟ್ಟೆಯ ಸುತ್ತ ಬೊಜ್ಜು ತುಂಬಿಕೊಂಡವರು ವಯಸ್ಕರಲ್ಲಿ ನೂರಕ್ಕೆ ಸುಮಾರು 40 ಮಂದಿ. ಈ ಎರಡು ಲೆಕ್ಕಗಳ ನಡುವೆ ನೇರ ಸಂಬಂಧವಿದೆ. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ಬಹುಪಾಲನ್ನು ಹೀರಿ ಇಟ್ಟುಕೊಳ್ಳುವ ದೊಡ್ಡ ಉಗ್ರಾಣವೆಂದರೆ ನಮ್ಮ ಮಾಂಸಖಂಡ. ಉಗ್ರಾಣವೇ ಕಿರಿದಾಗಿದ್ದರೆ, ಇರುವುದೂ ಕೆಲಸವಿಲ್ಲದೆ ಬಾಗಿಲು ಮುಚ್ಚಿಕೊಂಡಿದ್ದರೆ, ಬಂದ ಸಕ್ಕರೆ ಹೋಗುವುದೆಲ್ಲಿಗೆ? ಹೊಟ್ಟೆಯೊಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಕೂರುವ ಕೊಬ್ಬು ಚರ್ಮದಡಿಯ ಕೊಬ್ಬಿನಂತೆ ಸುಮ್ಮನೆ ಕೂರುವಂಥದ್ದಲ್ಲ. ಅದು ತನ್ನ ಕೊಬ್ಬಿನಾಮ್ಲಗಳನ್ನು ಯಕೃತ್ತಿಗೆ ಸುರಿಯುತ್ತಲೇ ಇರುತ್ತದೆ, ಇನ್ಸುಲಿನ್ ಎಷ್ಟು ಕೂಗಿದರೂ ಕೇಳಿಸದಂತೆ ಮಾಡುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಬರೀ ತೂಕ ಇಳಿಸುವುದಲ್ಲ. ಕೊಬ್ಬು ಇಳಿಯಬೇಕು, ಮಾಂಸ ಏರಬೇಕು. ತೂಕದ ಯಂತ್ರದ ಮುಳ್ಳು ಇದನ್ನು ತೋರಿಸುವುದಿಲ್ಲ, ದರ್ಜಿಯ ಟೇಪು ತೋರಿಸುತ್ತದೆ. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಎಂಬುದು ವೈದ್ಯರು ಒಪ್ಪಿಕೊಂಡ ಗಡಿ. ಪ್ಯಾಂಟಿನ ಸೈಜು ಸುಳ್ಳು ಹೇಳುತ್ತದೆ, ಏಕೆಂದರೆ ನಾವು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ. ಟೇಪನ್ನು ಹೊಕ್ಕುಳಿನ ಮಟ್ಟದಲ್ಲಿ ಹಿಡಿಯಿರಿ.

ಈಗ ವ್ಯಾಪಾರಿಗಳ ಕಡೆಗೆ ಬರೋಣ. ಹೊಟ್ಟೆ ಕರಗಿಸುವ ಬೆಲ್ಟು, ಹೊಟ್ಟೆ ಕರಗಿಸುವ ಚಹಾ, ಹೊಟ್ಟೆ ಕರಗಿಸುವ ಎಣ್ಣೆ, ಹೊಟ್ಟೆ ಕರಗಿಸುವ ಹತ್ತು ನಿಮಿಷದ ವ್ಯಾಯಾಮ. ಹೊಟ್ಟೆಯ ವ್ಯಾಯಾಮದಿಂದಲೇ ಹೊಟ್ಟೆಯ ಕೊಬ್ಬು ಹೋಗುತ್ತದೆ ಎಂಬ ನಂಬಿಕೆಯ ಮೇಲೆಯೇ ಈ ಇಡೀ ಸಂತೆ ನಿಂತಿದೆ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 24 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿನಿಂದ ಆರು ವಾರಗಳ ಕಾಲ, ವಾರಕ್ಕೆ ಐದು ದಿನ, ಏಳು ಬಗೆಯ ಹೊಟ್ಟೆಯ ವ್ಯಾಯಾಮ ಮಾಡಿಸಿದರು. ಹೊಟ್ಟೆಯ ಸ್ನಾಯುಗಳ ಕಸುವು ಹೆಚ್ಚಾಯಿತು. ಹೊಟ್ಟೆಯ ಕೊಬ್ಬು ಇದ್ದಲ್ಲಿಯೇ ಇತ್ತು. ಬಾವಿಯ ನೀರನ್ನು ಯಾವ ಮೂಲೆಯಿಂದ ಸೇದಿದರೂ ಇಡೀ ಬಾವಿಯ ಮಟ್ಟ ಇಳಿಯುತ್ತದೆಯೇ ಹೊರತು ಆ ಮೂಲೆ ಮಾತ್ರ ಬರಿದಾಗುವುದಿಲ್ಲವಲ್ಲ, ಹಾಗೆ. ಕೊಬ್ಬು ಮಾಂಸಖಂಡವಾಗಿ ಮಾರ್ಪಡುತ್ತದೆ ಎಂಬುದೂ ಅಷ್ಟೇ ಸುಳ್ಳು. ಅವೆರಡೂ ಬೇರೆ ಬೇರೆ ಅಂಗಾಂಶಗಳು. ಒಂದು ಖರ್ಚಾಗಬೇಕು, ಇನ್ನೊಂದನ್ನು ಕಟ್ಟಬೇಕು.

ಎರಡೂ ಏಕಕಾಲಕ್ಕೆ ಸಾಧ್ಯವೇ? ಸಾಧ್ಯ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷಿ. ಬೊಜ್ಜು ಬಂದಿದ್ದ 40 ಯುವಕರು, ನಾಲ್ಕು ವಾರ, ದೇಹಕ್ಕೆ ಬೇಕಾದ ಕ್ಯಾಲೊರಿಯಲ್ಲಿ ಶೇಕಡಾ 40ರಷ್ಟು ಕಡಿತ, ವಾರಕ್ಕೆ ಆರು ದಿನ ಬೆವರಿಳಿಯುವ ವ್ಯಾಯಾಮ. ಅರ್ಧ ಜನರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 1.2 ಗ್ರಾಂ ಪ್ರೊಟೀನ್, ಇನ್ನರ್ಧ ಜನರಿಗೆ 2.4 ಗ್ರಾಂ. ಹೆಚ್ಚು ಪ್ರೊಟೀನ್ ತಿಂದವರು 4.8 ಕಿಲೋ ಕೊಬ್ಬು ಕಳೆದುಕೊಂಡು, ಕೊಬ್ಬಲ್ಲದ ಮೈಯನ್ನು 1.2 ಕಿಲೋ ಗಳಿಸಿದರು. ಕಡಿಮೆ ತಿಂದವರು 3.5 ಕಿಲೋ ಕೊಬ್ಬು ಕಳೆದುಕೊಂಡರು, ಆದರೆ ಇದ್ದ ಮಾಂಸವನ್ನು ಉಳಿಸಿಕೊಂಡದ್ದಷ್ಟೇ ಲಾಭ. ಅಷ್ಟು ಉಗ್ರವಾದ ಪಥ್ಯ ನಮ್ಮ ನಿಮ್ಮಂಥವರಿಗೆ ಬೇಡ, ಮಾಡಲೂ ಆಗದು. ಆದರೆ ಅದು ತೋರಿಸಿಕೊಟ್ಟ ದಾರಿ ಎಲ್ಲರಿಗೂ ಒಂದೇ: ಊಟವನ್ನು ಸ್ವಲ್ಪ ಕಡಿಮೆ ಮಾಡು, ಅದರಲ್ಲಿ ಪ್ರೊಟೀನ್ ಹೆಚ್ಚು ಮಾಡು, ಭಾರ ಎತ್ತು, ನಿದ್ದೆ ಮಾಡು. ಭಾರ ಎತ್ತುವುದನ್ನೇ ಎಂದೂ ಮಾಡದವರಿಗೆ, ಬೊಜ್ಜು ಇರುವವರಿಗೆ ಈ ಎರಡು ಕೆಲಸ ಒಟ್ಟಿಗೆ ಆಗುವುದು ಇನ್ನೂ ಸುಲಭ. ಹತ್ತು ವರ್ಷ ಜಿಮ್ಮಿನಲ್ಲಿ ಪಳಗಿದವನಿಗೇ ಅದು ಕಷ್ಟ. ಅಂದರೆ ಬೋರ್ಡಿನ ಮೇಲಿನ ಯುವಕನಿಗಿಂತ ಬೋರ್ಡಿನ ಕೆಳಗೆ ನಿಂತ ಮೇಷ್ಟ್ರಿಗೇ ಇದರ ಲಾಭ ಹೆಚ್ಚು. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಪ್ರೊಟೀನ್ ಎಂದರೆ ಏನು ಮಹಾ? ಶಾಲೆಯಲ್ಲಿ ನಾವು ಸಸಾರಜನಕ ಎಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ದಿನವೇ ಮರೆತ ಪದ. ಆರೋಗ್ಯವಂತ ವಯಸ್ಕರಿಗೆ ಪ್ರತಿ ಕಿಲೋ ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಹೇಳುತ್ತದೆ. ಅದು ಕೊರತೆಯಾಗದಿರಲು ಬೇಕಾದಷ್ಟು. ಭಾರ ಎತ್ತಿ ಮಾಂಸಖಂಡ ಕಟ್ಟಬೇಕೆನ್ನುವವರಿಗೆ 1.6 ಗ್ರಾಂವರೆಗೆ ಪ್ರಯೋಜನವಿದೆ, ಅದನ್ನು ದಾಟಿದ ಮೇಲೆ ಹೆಚ್ಚಿನ ಲಾಭ ಕಾಣುವುದಿಲ್ಲವೆಂದು 49 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಲೆಕ್ಕ ಹಾಕಿದ್ದಾರೆ. 60 ಕಿಲೋ ತೂಗುವವರಿಗೆ 90ರಿಂದ 95 ಗ್ರಾಂ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಮೂರು ಮೊಟ್ಟೆ ತಿಂದರೆ 18 ಗ್ರಾಂ. ಮಧ್ಯಾಹ್ನ ನಾಲ್ಕು ಬಂಗುಡೆಯೋ ಒಂದು ತಟ್ಟೆ ಬೂತಾಯಿಯೋ ಸಿಕ್ಕಿ ಅದರ ಮಾಂಸ ನೂರೈವತ್ತು ಗ್ರಾಂ ಹೊಟ್ಟೆಗೆ ಹೋದರೆ 30 ಗ್ರಾಂ. ಅರ್ಧ ಲೀಟರ್ ಹಾಲು ಅಥವಾ ಮೊಸರಿನಲ್ಲಿ 16. ಒಂದು ಮುಷ್ಟಿ ಶೇಂಗಾ, ಗಟ್ಟಿಯಾದ ಬೇಳೆಯ ತೊವ್ವೆ, ಅನ್ನ, ರೊಟ್ಟಿಗಳಲ್ಲಿ ಉಳಿದದ್ದು. ಸಸ್ಯಾಹಾರಿಗಳು 50 ಗ್ರಾಂ ಒಣ ಸೋಯಾ ತುಂಡು ಬೇಯಿಸಿಕೊಂಡರೆ ಅದೊಂದರಲ್ಲೇ 25 ಗ್ರಾಂ. ಹುರುಳಿ, ಹೆಸರು, ಅವರೆ, ಕಡಲೆ ಯಾವುದಾದರೂ ಸರಿ, ಆದರೆ ನೀರಿನಲ್ಲಿ ಹುಡುಕಬೇಕಾದ ಬೇಳೆಯಲ್ಲ, ಚಮಚ ನಿಲ್ಲುವ ಬೇಳೆ. ನಮ್ಮ ಹೆಚ್ಚಿನ ಮನೆಗಳ ಸಾರಿನಲ್ಲಿ ಬೇಳೆ ನೆಪಕ್ಕೆ ಮಾತ್ರ ಇರುತ್ತದೆ.

ಇಷ್ಟು ಸರಳವಾದದ್ದನ್ನು ಹೇಳಿದರೆ ಪ್ರೊಟೀನ್ ಪುಡಿಯ ಡಬ್ಬ ಮಾರುವವನ ಗತಿಯೇನು? ಒಂದು ಚಮಚ ಪುಡಿಯಲ್ಲಿ ಇರುತ್ತದೆನ್ನುವ 24 ಗ್ರಾಂ ಪ್ರೊಟೀನ್ ನಾಲ್ಕು ಮೊಟ್ಟೆಯಲ್ಲಿ ಇರುತ್ತದೆ. ನಾಲ್ಕು ಮೊಟ್ಟೆಗೆ ಎಷ್ಟು, ಆ ಚಮಚಕ್ಕೆ ಎಷ್ಟು ಎಂದು ನೀವೇ ಅಂಗಡಿಯಲ್ಲಿ ಲೆಕ್ಕ ಹಾಕಿ. ಪುಡಿ ವಿಷವೇನಲ್ಲ, ಚೀಸ್ ಮಾಡುವಾಗ ಉಳಿಯುವ ಹಾಲಿನ ನೀರನ್ನು ಒಣಗಿಸಿದ ಹಿಟ್ಟು, ಅಷ್ಟೇ. ಆದರೆ ಡಬ್ಬದ ಮೇಲೆ ಬರೆದದ್ದು ಡಬ್ಬದೊಳಗೆ ಇರುತ್ತದೆ ಎಂಬ ಭರವಸೆ ಏನಿದೆ? ಕೇರಳದ ವೈದ್ಯರ ತಂಡವೊಂದು ನಮ್ಮ ಮಾರುಕಟ್ಟೆಯ 36 ಪುಡಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ಅವುಗಳಲ್ಲಿ ಸುಮಾರು ಶೇಕಡಾ 70ರಲ್ಲಿ ಪ್ರೊಟೀನ್ ಲೆಕ್ಕ ತಪ್ಪು, ಕೆಲವದರಲ್ಲಿ ಹೇಳಿದ್ದರ ಅರ್ಧ ಮಾತ್ರ. ಶೇಕಡಾ 14ರಲ್ಲಿ ಶಿಲೀಂಧ್ರದ ವಿಷ, ಶೇಕಡಾ 8ರಲ್ಲಿ ಕೀಟನಾಶಕದ ಅಂಶ. ಅದೇ ವರ್ಷ ರಾಷ್ಟ್ರೀಯ ಪೋಷಣ ಸಂಸ್ಥೆಯ ಆಹಾರ ಮಾರ್ಗಸೂಚಿಯೂ ಮೈ ಬೆಳೆಸಲೆಂದು ಈ ಪುಡಿಗಳ ಹಿಂದೆ ಹೋಗಬೇಡಿರೆಂದು ಎಚ್ಚರಿಸಿತು. ಮೊಟ್ಟೆಯ ಚಿಪ್ಪಿನೊಳಗೆ ಕಲಬೆರಕೆ ಮಾಡುವ ವಿದ್ಯೆ ಇನ್ನೂ ನಮ್ಮ ವ್ಯಾಪಾರಿಗಳಿಗೆ ಸಿದ್ಧಿಸಿಲ್ಲ.

ಪುಡಿಯ ಆಚೆಗಿನ ಕತ್ತಲೆ ಇನ್ನೂ ದೊಡ್ಡದು. ಮೂರು ತಿಂಗಳಲ್ಲಿ ಬೋರ್ಡಿನ ಯುವಕನಂತೆ ಆಗಬೇಕೆಂಬ ಹುಡುಗನಿಗೆ ಪುಡಿ ಸಾಲದು ಎನಿಸಿದಾಗ ಸೂಜಿ ಬರುತ್ತದೆ. ಸ್ಟೀರಾಯಿಡ್ ಚುಚ್ಚಿಕೊಂಡ ಮೈ ಹೊರಗಿನ ಹಾರ್ಮೋನು ಸಿಕ್ಕಿತೆಂದು ತನ್ನದನ್ನು ಮಾಡುವುದನ್ನೇ ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ, ವೀರ್ಯದ ಎಣಿಕೆ ಇಳಿಯುತ್ತದೆ, ಹುಡುಗನ ಎದೆ ಹೆಣ್ಣಿನಂತೆ ಬೆಳೆಯುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ಯಕೃತ್ತು ಕೆಡುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳಿವು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಕುಸಿದ ರಕ್ತದೊತ್ತಡವನ್ನು ಮೇಲೆತ್ತಲು ಬಳಸುವ ಮೆಫೆಂಟರ್ಮಿನ್ ಎಂಬ ಇಂಜೆಕ್ಷನ್ನನ್ನೂ ಜಿಮ್ಮಿನ ಹುಡುಗರು ಹುಮ್ಮಸ್ಸಿಗಾಗಿ ಚುಚ್ಚಿಕೊಂಡದ್ದು ವರದಿಯಾಗಿದೆ. ಗಂಡಸುತನದ ಪ್ರದರ್ಶನಕ್ಕೆ ಹೊರಟವನು ಮಕ್ಕಳಾಗಲಿಲ್ಲವೆಂದು ಐದು ವರ್ಷಗಳ ನಂತರ ಆಸ್ಪತ್ರೆಗೆ ಹೆಂಡತಿಯನ್ನು ಕರೆದೊಯ್ಯುತ್ತಾನೆ, ತಪಾಸಣೆಗೆ ಮೊದಲು ಕೂರುವವಳು ಅವಳೇ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಾಡಿಗೆ ನಾಡೇ ಅತ್ತಿತು. ಅದರ ಬೆನ್ನಿಗೇ ಜಿಮ್ಮೇ ಕೊಲೆಗಾರ ಎಂಬ ಮಾತು ಹಬ್ಬಿತು. ಎಷ್ಟೋ ಮಂದಿಗೆ ಅದೊಂದು ಒಳ್ಳೆಯ ನೆಪವೂ ಆಯಿತು. ಅಂದು ಹೃದಯ ಪರೀಕ್ಷೆಗೆ ಆಸ್ಪತ್ರೆಗಳ ಮುಂದೆ ಸಾಲು ನಿಂತರಲ್ಲ, ಅಷ್ಟು ಮಟ್ಟಿಗೆ ಒಳ್ಳೆಯದಾಯಿತು. ನಲವತ್ತು ದಾಟಿದವರು, ಸಕ್ಕರೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರಿಗೆ ತೋರಿಸಿಯೇ ಭಾರಕ್ಕೆ ಕೈ ಹಾಕಬೇಕು, ಪ್ರೊಟೀನನ್ನೂ ಅವರನ್ನು ಕೇಳಿಯೇ ಹೆಚ್ಚಿಸಬೇಕು. ಆದರೆ ಹೆದರಿ ಸೋಫಾದಲ್ಲಿ ಕುಳಿತವರಿಗೆ ಹೃದಯಾಘಾತ ಆಗುವುದಿಲ್ಲವೇ?

ವಾಕಿಂಗ್ ಮಾಡುತ್ತೇನಲ್ಲ, ಸಾಲದೇ ಎನ್ನುವವರಿದ್ದಾರೆ. ಮಾಡಿ, ಬಿಡಬೇಡಿ. ಹೃದಯಕ್ಕೂ ಮನಸ್ಸಿಗೂ ಅದು ಒಳ್ಳೆಯದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150 ನಿಮಿಷದ ನಡಿಗೆಯಂಥ ಚಟುವಟಿಕೆಯ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಬೇಕೆಂದು ಹೇಳುತ್ತದೆ. ಮೊದಲನೆಯ ಅರ್ಧವನ್ನು ಮಾತ್ರ ನಮ್ಮ ವೈದ್ಯರು ಚೀಟಿಯಲ್ಲಿ ಬರೆಯುತ್ತಾರೆ. ಎರಡನೆಯ ಅರ್ಧ ಜಿಮ್ಮಿನವನ ಪಾಲಿಗೆ ಹೋಗಿದೆ.

ಇನ್ನು ನಮ್ಮ ತಟ್ಟೆ. ಭಾರತೀಯರು ತಿನ್ನುವ ಕ್ಯಾಲೊರಿಯಲ್ಲಿ ಶೇಕಡಾ 62ರಷ್ಟು ಬರುವುದು ಅಕ್ಕಿ, ಗೋಧಿ, ಸಕ್ಕರೆಯಂಥ ಪಿಷ್ಟದಿಂದ ಎಂದು 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಹೇಳಿತು. ಬೆಳಿಗ್ಗೆ ಇಡ್ಲಿಯೋ ಅವಲಕ್ಕಿಯೋ, ಮಧ್ಯಾಹ್ನ ಅನ್ನ, ಸಂಜೆ ಬನ್ಸೋ ಗೋಳಿಬಜೆಯೋ, ರಾತ್ರಿ ಮತ್ತೆ ಅನ್ನ. ಬ್ರಾಹ್ಮಣರ ಮನೆಯಾಗಲಿ ಬ್ಯಾರಿಗಳ ಮನೆಯಾಗಲಿ, ಇದರಲ್ಲಿ ಭೇದವಿಲ್ಲ. ಮುಸ್ಲಿಮರು ಮಾಂಸಾಹಾರಿಗಳು, ಅವರಿಗೇನು ಪ್ರೊಟೀನ್ ಕೊರತೆ ಎಂದು ಹೊರಗಿನವರು ತಿಳಿದಿರುತ್ತಾರೆ. ನಮ್ಮ ನಿಕಾಹ್ ಊಟದ ತಟ್ಟೆಯನ್ನು ಬಿಡಿಸಿ ನೋಡಲಿ. ಬೆಟ್ಟದಷ್ಟು ತುಪ್ಪದನ್ನ, ಅದರೊಳಗೆ ಎಲುಬಿನ ಸಮೇತ ಎರಡು ತುಂಡು, ನಂತರ ಸಿಹಿ, ಅದರ ಮೇಲೆ ಐಸ್‌ಕ್ರೀಮ್. ಮಾಂಸದ ಹೆಸರಿನಲ್ಲಿ ನಾವು ತಿನ್ನುವುದು ಎಣ್ಣೆ ಮೆತ್ತಿದ ಅಕ್ಕಿಯನ್ನು. ರಮಝಾನಿನಲ್ಲಂತೂ ಹದಿಮೂರು ಗಂಟೆ ಬಿಗಿಹಿಡಿದ ಹೊಟ್ಟೆಗೆ ಸಂಜೆ ಸಮೋಸ, ಶರಬತ್ತು, ಕರಿದ ಬೊಂಡಗಳ ಮಳೆ. ಉಪವಾಸದ ತಿಂಗಳಲ್ಲಿ ಮೈತೂಕ ಏರುವ ಸೋಜಿಗಕ್ಕೆ ಯಾರನ್ನು ದೂರೋಣ? ಹೊಟ್ಟೆಯನ್ನು ಪೂರ್ತಿ ತುಂಬದೆ ಉಸಿರಿಗೂ ಒಂದು ಪಾಲು ಬಿಡಬೇಕೆಂಬ ಪ್ರವಾದಿವರ್ಯರ (ಸ) ಕಲಿಸುವಿಕೆಯನ್ನು ಮೈಕಿನಲ್ಲಿ ಕೇಳಿ, ಮೈಕ್ ಆರಿದೊಡನೆ ತಟ್ಟೆಗೆ ಮುಗಿಬೀಳುತ್ತೇವೆ. ಇಫ್ತಾರಿಗೆ ಖರ್ಜೂರ, ನೀರು, ಬೇಯಿಸಿದ ಕಡಲೆ, ಎರಡು ಮೊಟ್ಟೆ ಇಡುವ ಮನೆಯನ್ನು ಜಿಪುಣರ ಮನೆ ಎಂದು ಆಡಿಕೊಳ್ಳುವವರೂ ನಾವೇ.

ಮೊಟ್ಟೆ ಎಂದ ಕೂಡಲೇ ಇನ್ನೊಂದು ಜಗಳ ನೆನಪಾಗುತ್ತದೆ. 2021ರ ಡಿಸೆಂಬರಿನಲ್ಲಿ ರಾಜ್ಯ ಸರಕಾರ ಅಪೌಷ್ಟಿಕತೆ ಹೆಚ್ಚಿರುವ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಕೆಲವು ಮಠಾಧೀಶರು ಬೀದಿಗಿಳಿಯುವ ಮಾತನಾಡಿದರು. ತಿನ್ನದ ಮಗುವಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಇದ್ದಾಗಲೂ! ಆಗ ಗಂಗಾವತಿಯ ಸರಕಾರಿ ಶಾಲೆಯ ವಿದ್ಯಾರ್ಥಿನಿಯೊಬ್ಬಳು ಕ್ಯಾಮೆರಾ ಮುಂದೆ ನಿಂತು, ನಮಗೆ ಮೊಟ್ಟೆ ಬೇಕು, ನೀವು ತಡೆದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಮಾತನಾಡಿದಳು. ನಾಡಿನ ಆಹಾರ ರಾಜಕೀಯದ ಬಗ್ಗೆ ಬಂದ ಸಾವಿರ ಲೇಖನಗಳಿಗಿಂತ ಆ ಹುಡುಗಿಯ ಮಾತಿಗೆ ತೂಕ ಹೆಚ್ಚು. ಕೊನೆಗೆ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಬಂತು. 2024ರಲ್ಲಿ ಅಝೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿಯ ನೆರವು ಘೋಷಿಸಿ, ವಾರದ ಆರೂ ದಿನ ಮೊಟ್ಟೆ ಕೊಡಲು ಸಾಧ್ಯವಾಯಿತು. ಆರು ವರ್ಷದ ಮಗುವಿನ ತಟ್ಟೆಯ ಮೊಟ್ಟೆಗೂ ಐವತ್ತು ವರ್ಷದವನ ಹೊಟ್ಟೆ ಬೊಜ್ಜಿಗೂ ಏನು ಸಂಬಂಧ ಎಂದು ಕೇಳಬೇಡಿ. ಬೆಳೆಯುವ ವಯಸ್ಸಿನಲ್ಲಿ ಕಟ್ಟದ ಮಾಂಸಖಂಡದ ಕೊರತೆಯೇ ಮುಂದೆ ಸಣಕಲು ಕೈ, ಗುಡಾಣ ಹೊಟ್ಟೆಯಾಗಿ ಕಾಣಿಸಿಕೊಳ್ಳುವುದು. ಪುಣೆಯ ಆ ವೈದ್ಯರು ತಮ್ಮ ಸಂಶೋಧನೆಯುದ್ದಕ್ಕೂ ಹೇಳುತ್ತಾ ಬಂದದ್ದು ಇದನ್ನೇ. ತಾಯಿಯ ಗರ್ಭದಲ್ಲೇ ಇದು ಶುರುವಾಗುತ್ತದೆ.

2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ತಡೆ ಕಾಯ್ದೆಯ ಮಾತನ್ನೂ ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ದಲಿತರು, ಮುಸ್ಲಿಮರು, ಕ್ರೈಸ್ತರ ಬಡ ಮನೆಗಳಿಗೆ ಅಗ್ಗದ ದರದಲ್ಲಿ ಸಿಗುತ್ತಿದ್ದ ಮಾಂಸವದು. ಅದನ್ನು ಕಸಿದುಕೊಂಡವರು ಅದರ ಬದಲಿಗೆ ಆ ತಟ್ಟೆಗೆ ಏನು ಹಾಕಿದರು? ಕುರಿಯ ಮಾಂಸದ ಬೆಲೆ ಕೇಳಿದವರಿಗೆ ಉತ್ತರ ಗೊತ್ತು. ಒಂದೆಡೆ ಶ್ರೀಮಂತರ ಮಕ್ಕಳಿಗೆ ಹೊರದೇಶದ ಪುಡಿ, ಇನ್ನೊಂದೆಡೆ ಬಡವರ ಮಕ್ಕಳ ಮೊಟ್ಟೆಗೆ ಧರ್ಮಸಂಕಟ. ಬಲಿಷ್ಠ ಭಾರತ ಕಟ್ಟುವ ಭಾಷಣಗಳು ಮಾತ್ರ ನಿಂತಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಅನ್ಯಾಯ ಹೆಣ್ಣುಮಕ್ಕಳಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶಗಳ ವಿಶ್ಲೇಷಣೆಯಲ್ಲಿ ಹೊಟ್ಟೆ ಬೊಜ್ಜು ಕಂಡುಬಂದದ್ದು ನೂರಕ್ಕೆ 40 ಹೆಂಗಸರಲ್ಲಿ, 12 ಗಂಡಸರಲ್ಲಿ. ಆದರೆ ಜಿಮ್ಮುಗಳು ಯಾರಿಗಾಗಿ ಇವೆ? ಗಂಡಸಿಗೆ ಟೌನಿನ ಮೈದಾನವಿದೆ, ಕ್ರಿಕೆಟ್ ಇದೆ, ಬೀಚ್ ಇದೆ, ಜಿಮ್ ಇದೆ. ಅವಳಿಗೆ ಅಡುಗೆಮನೆಯಿಂದ ಅಂಗಳದವರೆಗಿನ ದಾರಿಯಿದೆ. ಮೀನಿನ ದೊಡ್ಡ ತುಂಡು ಗಂಡನಿಗೆ, ಮೊಟ್ಟೆ ಮಗನಿಗೆ, ಅವಳಿಗೆ ತಳದ ಸಾರು ಮತ್ತು ಅನ್ನ. ಹೆಣ್ಣು ಭಾರ ಎತ್ತಿದರೆ ಗಂಡಸಿನಂತಾಗುತ್ತಾಳೆ ಎನ್ನುವವರಿಗೆ ಮೈಯ ಗುಟ್ಟು ತಿಳಿಯದು. ಮಾಂಸಖಂಡವನ್ನು ಉಬ್ಬಿಸುವ ಟೆಸ್ಟೊಸ್ಟೆರೋನ್ ಹಾರ್ಮೋನು ಹೆಣ್ಣಿನಲ್ಲಿ ಗಂಡಸಿಗಿಂತ ಹತ್ತಾರು ಪಟ್ಟು ಕಡಿಮೆ. ಅವಳ ಮೈ ಗಟ್ಟಿಯಾಗುತ್ತದೆಯೇ ಹೊರತು ಪೈಲ್ವಾನನದಾಗುವುದಿಲ್ಲ. ತುಂಬಿದ ಗ್ಯಾಸ್ ಸಿಲಿಂಡರ್ 30 ಕಿಲೋ ತೂಗುತ್ತದೆ, ಅದನ್ನು ಮೂಲೆಯಿಂದ ಒಲೆಯವರೆಗೆ ಸರಿಸುವವಳು ಅವಳು. ಅದಕ್ಕೆ ಯಾರೂ ಬೇಡವೆನ್ನಲಿಲ್ಲ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವ ವೇಗ ಹೆಚ್ಚುತ್ತದೆ. ಆ ಮೂಳೆಗೂ ಬಲ ಕೊಡುವುದು ಭಾರವೇ.

ವಯಸ್ಸಾಯಿತು, ಇನ್ನೇನು ಎನ್ನುವವರಿಗೆ 1990ರ ಒಂದು ಸಂಗತಿ ಹೇಳಬೇಕು. ಅಮೆರಿಕದ ಬೋಸ್ಟನ್ನಿನಲ್ಲಿ ವೃದ್ಧಾಶ್ರಮವೊಂದರ 86ರಿಂದ 96 ವರ್ಷದ ಹತ್ತು ಮಂದಿಯನ್ನು ವೈದ್ಯರು ಕಾಲಿಗೆ ಭಾರ ಕಟ್ಟಿ ಎತ್ತುವ ವ್ಯಾಯಾಮಕ್ಕೆ ಹಚ್ಚಿದರು. ಎಂಟು ವಾರಗಳ ಕೊನೆಗೆ ಅವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಏರಿತ್ತು. ತೊಡೆಯ ಸ್ನಾಯು ಶೇಕಡಾ 9ರಷ್ಟು ದಪ್ಪವಾಗಿತ್ತು. ಊರುಗೋಲನ್ನು ಪಕ್ಕಕ್ಕಿಟ್ಟು ನಡೆದವರೂ ಇದ್ದರು. ನಮ್ಮಲ್ಲಿ ಅರವತ್ತು ದಾಟಿದ ಉಮ್ಮನನ್ನು ನೆಲದಿಂದ ಏಳಲು ಬಿಡುವುದಿಲ್ಲ, ನೀರಿನ ಚೆಂಬೂ ಎತ್ತಿಸುವುದಿಲ್ಲ. ಅದು ಪ್ರೀತಿ ಎಂದುಕೊಂಡಿದ್ದೇವೆ. ಕೆಲವೇ ವರ್ಷಗಳಲ್ಲಿ ಅವರು ನಮಾಝನ್ನು ಕುರ್ಚಿಗೆ ವರ್ಗಾಯಿಸುತ್ತಾರೆ.

ಹಿಂದಿನವರು ಜಿಮ್ಮಿಗೆ ಹೋಗಿದ್ದರೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೋಗಿರಲಿಲ್ಲ. ಅಜ್ಜಿ ಒನಕೆಯಲ್ಲಿ ಭತ್ತ ಕುಟ್ಟುತ್ತಿದ್ದಳು, ಬಾವಿಯಿಂದ ನೀರು ಸೇದುತ್ತಿದ್ದಳು, ಬೀಸುವ ಕಲ್ಲಿನಲ್ಲಿ ರಾಗಿ ಬೀಸುತ್ತಿದ್ದಳು. ಆ ದುಡಿತ ಹೋದದ್ದು ಒಳ್ಳೆಯದೇ, ಅದನ್ನು ಮರಳಿ ತನ್ನಿ ಎನ್ನುವವರು ಒಂದು ದಿನ ಒನಕೆ ಹಿಡಿದು ನೋಡಲಿ. ಆದರೆ ಭಾರ ಹೋದ ಜಾಗಕ್ಕೆ ನಾವು ಏನನ್ನೂ ತಂದಿಲ್ಲ. ಗಂಡಸರಿಗೆ ಮೈಸೂರಿನ ಗರಡಿಗಳಿದ್ದವು, ಉತ್ತರ ಕರ್ನಾಟಕದಲ್ಲಿ ತಾಲೀಮುಗಳಿದ್ದವು. ಹಿಂದೂ ಮುಸ್ಲಿಮರು ಒಂದೇ ಕೆಮ್ಮಣ್ಣು ಮೈಗೆ ಹಚ್ಚಿಕೊಂಡು ಒಬ್ಬರನ್ನೊಬ್ಬರು ಎತ್ತಿ ಹಾಕುತ್ತಿದ್ದ ಜಾಗಗಳವು. ದಂಡ, ಬಸ್ಕಿ, ಕಲ್ಲುಗುಂಡು, ಸಂಗ್ರಾಣಿ ಕಲ್ಲು. ಇವತ್ತಿನ ಜಿಮ್ಮಿನ ಬೆಲೆಬಾಳುವ ಯಂತ್ರಗಳು ಮಾಡುವ ಕೆಲಸವನ್ನೇ ಅವೂ ಮಾಡುತ್ತಿದ್ದವು. ಬಸ್ಕಿಯನ್ನು ನಾವು ಶಾಲೆಯಲ್ಲಿ ಶಿಕ್ಷೆಯನ್ನಾಗಿ ಮಾಡಿ ಮಕ್ಕಳಿಗೆ ಅದರ ಮೇಲೆ ಜನ್ಮದ ದ್ವೇಷ ಹುಟ್ಟಿಸಿದೆವು. ಇತ್ತ ಎಪಿಎಂಸಿ ಯಾರ್ಡಿನಲ್ಲಿ ದಿನವಿಡೀ 50 ಕಿಲೋ ಚೀಲ ಹೊರುವ ಹಮಾಲಿಯ ಮೈಯನ್ನು ಯಾವ ಜಿಮ್ಮೂ ಬೋರ್ಡಿಗೆ ಹಾಕುವುದಿಲ್ಲ. ಅವನಿಗೆ ಭಾರವಿದೆ, ತಕ್ಕ ಊಟವಿಲ್ಲ, ವಿಶ್ರಾಂತಿಯಿಲ್ಲ. ಹಾಗಾಗಿ ನಲವತ್ತೈದಕ್ಕೆ ಅವನ ಬೆನ್ನು ಮುರಿದಿರುತ್ತದೆ. ಮಾಂಸಖಂಡ ಬೆಳೆಯುವುದು ಭಾರ ಎತ್ತುವಾಗಲ್ಲ, ಎತ್ತಿದ ನಂತರ ಉಂಡು ಮಲಗಿದಾಗ.

ಈಗ ಮಾರುಕಟ್ಟೆಗೆ ಹೊಸ ಸರಕೂ ಬಂದಿದೆ. ಹಸಿವನ್ನೇ ಅಡಗಿಸುವ ಇಂಜೆಕ್ಷನ್. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ ಭಾರತಕ್ಕೆ ಬಂದವು. ಸಕ್ಕರೆ ಕಾಯಿಲೆ ಮತ್ತು ಅತಿಯಾದ ಬೊಜ್ಜು ಇರುವವರಿಗೆ ಅದು ನಿಜವಾದ ಔಷಧಿ, ಅದನ್ನು ಹೀಯಾಳಿಸುವ ಕಾರಣವಿಲ್ಲ. ಆದರೆ ಅದರಿಂದ ಇಳಿದ ತೂಕದಲ್ಲಿ ಕಾಲು ಭಾಗದಿಂದ ಐದನೆ ಎರಡು ಭಾಗದವರೆಗೆ ಕೊಬ್ಬಲ್ಲದ ಮೈ ಇರುತ್ತದೆಂದು ಆ ಔಷಧಿಗಳ ಪರೀಕ್ಷೆಗಳೇ ತೋರಿಸಿವೆ. ಮೊದಲೇ ಮಾಂಸಖಂಡದಲ್ಲಿ ಬಡವರಾದ ನಾವು, ಭಾರವನ್ನೂ ಎತ್ತದೆ, ಪ್ರೊಟೀನನ್ನೂ ತಿನ್ನದೆ ಬರೀ ಸೂಜಿ ಚುಚ್ಚಿಸಿಕೊಂಡು ತೆಳ್ಳಗಾದರೆ ಉಳಿಯುವುದೇನು? ಹಣವಿದ್ದವರು ಈ ತಪ್ಪನ್ನು ಬೇಗ ಮಾಡುತ್ತಾರೆ. ಔಷಧಿ ಅಗ್ಗವಾದ ಹಾಗೆ ಉಳಿದವರೂ ಹಿಂಬಾಲಿಸುತ್ತಾರೆ.

ಬೇಕಾದದ್ದು ಬಹಳವಿಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆ. ಕುರ್ಚಿಯಿಂದ ಎದ್ದು ಕೂರುವುದರಿಂದ ಶುರುವಾಗಿ ಭಾರ ಹಿಡಿದ ಬಸ್ಕಿಯವರೆಗೆ. ಗೋಡೆಗೆ ಕೈಯೂರಿ ಒತ್ತುವುದರಿಂದ ಶುರುವಾಗಿ ನೆಲದ ದಂಡದವರೆಗೆ. ನೆಲದಿಂದ ಚೀಲ ಎತ್ತುವುದು, ಎದೆಯ ಕಡೆಗೆ ಎಳೆಯುವುದು, ತಲೆಯ ಮೇಲಕ್ಕೆ ಒತ್ತುವುದು, ಎರಡು ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ನಡೆಯುವುದು. ಹತ್ತು ಸಲ ಸುಲಭವಾಗಿ ಎತ್ತಲು ಬಂದರೆ ಮುಂದಿನ ವಾರ ಸ್ವಲ್ಪ ಹೆಚ್ಚು ಭಾರ. ಈ 'ಸ್ವಲ್ಪ ಹೆಚ್ಚು' ಎನ್ನುವುದರಲ್ಲೇ ಎಲ್ಲ ಇದೆ, ಒಂದೇ ಭಾರವನ್ನು ಹತ್ತು ವರ್ಷ ಎತ್ತಿದರೆ ಮೈ ಬೆಳೆಯದು. ಎತ್ತುವಾಗ ಉಸಿರು ಕಟ್ಟಬಾರದು. ಮೂರು ತಿಂಗಳ ಮೊದಲು ಟೇಪು ಹಿಡಿಯಲೂಬಾರದು, ನಿರಾಶೆಯಾಗುತ್ತದೆ.

ಇದಕ್ಕೊಂದು ಜಾಗ ಬೇಕು. ನಮ್ಮ ಪ್ರತಿ ತಾಲೂಕಿನಲ್ಲಿ ಶಾದಿ ಮಹಲುಗಳಿವೆ, ಸಮುದಾಯ ಭವನಗಳಿವೆ. ವಾರದ ಹೆಚ್ಚಿನ ದಿನ ಅವುಗಳಿಗೆ ಬೀಗ. ಮಧ್ಯಾಹ್ನ ಮೂರರಿಂದ ಐದರವರೆಗೆ ಹೆಂಗಸರಿಗೆ, ಸಂಜೆ ಗಂಡಸರಿಗೆ, ಬೆಳಿಗ್ಗೆ ವಯಸ್ಸಾದವರಿಗೆ ಬಾಗಿಲು ತೆರೆದಿಟ್ಟರೆ ಯಾವ ಕಟ್ಟಡವೂ ಸವೆದು ಹೋಗದು. ಪರ್ದಾದ ಪ್ರಶ್ನೆ ಎತ್ತುವವರಿಗೆ ಪ್ರತ್ಯೇಕ ವೇಳೆಯೇ ಉತ್ತರ, ಅದಕ್ಕೂ ಒಪ್ಪದವರ ತೊಂದರೆ ಪರ್ದಾ ಅಲ್ಲ. ನಾಲ್ಕು ಕಬ್ಬಿಣದ ಸರಳು, ಒಂದಷ್ಟು ತಟ್ಟೆಗಳು, ಹತ್ತು ಮರಳಿನ ಚೀಲ, ಗೋಡೆಗೆ ಒಂದು ಅಡ್ಡಗಂಬಿ, ಕಲಿಸಲು ವಾರಕ್ಕೆರಡು ದಿನ ಬರುವ ಒಬ್ಬ ಹೆಣ್ಣುಮಗಳು, ಒಬ್ಬ ಗಂಡಸು. ಸರಕಾರಿ ಶಾಲೆಯ ದೈಹಿಕ ಶಿಕ್ಷಣದ ನಿವೃತ್ತ ಶಿಕ್ಷಕರು ಪ್ರತಿ ಊರಿನಲ್ಲೂ ಸಿಗುತ್ತಾರೆ. ನಮ್ಮ ಒಂದು ದೊಡ್ಡ ಮದುವೆಯ ಐಸ್‌ಕ್ರೀಮ್ ಕೌಂಟರಿನ ಬಿಲ್ಲಿನಲ್ಲಿ ಇಷ್ಟೂ ಸರಂಜಾಮು ಬಂದು, ಮೊದಲ ತಿಂಗಳು ಬಂದವರಿಗೆಲ್ಲ ದಿನಕ್ಕೆರಡು ಮೊಟ್ಟೆ ಬೇಯಿಸಿ ಕೊಡುವಷ್ಟು ಹಣ ಉಳಿಯುತ್ತದೆ. ಮುಂದಿನ ಜಮಾಅತ್ ಸಭೆಯ ಅಜೆಂಡಾದಲ್ಲಿ ಮೈಕ್ ಸೆಟ್ ರಿಪೇರಿಯ ಕೆಳಗೆ ಇದನ್ನೂ ಒಂದು ಸಾಲು ಬರೆಸಿ ನೋಡೋಣ.